ಯಾರಿಗೂ ಏನೂ ಬರಬೇಕಾಗಿರಲಿಲ್ಲ

ಹತ್ತಿ ದಲಾಲಿ ಅಂಗಡಿಯ ಸಾಹುಕಾರ ದಿವಾಳಿ ಎದ್ದ ವಾರ ಗದಗಿನ ಬಜಾರಿನಲ್ಲಿ ಎಲ್ಲರೂ ಭಾರಿ ಖುಷಿಯಲ್ಲಿದ್ದರು. ಇರಲೇಬೇಕಾಗಿತ್ತು. ಯಾವನಾದರೂ ವ್ಯಾಪಾರಿ ಮುಖ ಸಪ್ಪಗೆ ಮಾಡಿಕೊಂಡು ಗಾದಿಯ ಮೇಲೆ ಕೂತಿದ್ದರೆ, ಇವನದೂ ಅಲ್ಲಿ ಮುಳುಗಿದೆ ಎಂದು ಊರು ತೀರ್ಮಾನಿಸಿಬಿಡುತ್ತಿತ್ತು. ತೀರ್ಮಾನವಾಯಿತೋ, ಇವನಲ್ಲಿ ರೊಕ್ಕ ಇಟ್ಟವರೆಲ್ಲ ಸಂಜೆಯೊಳಗೆ ಬಂದು ಕಟ್ಟೆಯ ಮೇಲೆ ಕೂಡುತ್ತಿದ್ದರು. ಹೀಗಾಗಿ ಹೆಚ್ಚು ಕಳೆದುಕೊಂಡವನು ಹೆಚ್ಚು ನಗಬೇಕು, ಬಂದವರಿಗೆಲ್ಲ ಮಿರ್ಚಿ ತರಿಸಿ ಹಂಚಬೇಕು. ಆ ವಾರ ನಾನು ತಿಂದಷ್ಟು ಮಿರ್ಚಿ ಮುಂದೆಂದೂ ತಿಂದಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಗುಡಿಯ ಪೂಜೆ, ಮಾಸ್ತರಿಕೆ, ಕಾರಕೂನಿಕೆ ಮಾಡಿಕೊಂಡಿದ್ದ ನಮ್ಮಂಥ ಮನೆಗಳವರು ಉಳಿಸಿದ ದುಡ್ಡನ್ನು ಬ್ಯಾಂಕಿನಲ್ಲಿ ಇಡುತ್ತಿರಲಿಲ್ಲ. ಬ್ಯಾಂಕಿನವರು ಬಡ್ಡಿ ಕಡಿಮೆ ಕೊಡುತ್ತಿದ್ದರು, ಮೇಲಾಗಿ ಕುಂಡ್ರಿ ಅನ್ನುತ್ತಿರಲಿಲ್ಲ. ದಲಾಲಿ ಅಂಗಡಿಯವರು ಕುಂಡ್ರಿ ಅನ್ನುತ್ತಿದ್ದರು, ಚಹಾ ತರಿಸುತ್ತಿದ್ದರು, ಮನೆಯ ಮಂದಿಯ ಆರೋಗ್ಯ ವಿಚಾರಿಸುತ್ತಿದ್ದರು. ಕೋಟುಮಚಗಿ, ಹಮ್ಮಿಗಿ ಕಡೆಯ ರೈತರ ಹತ್ತಿ ಅವರ ಅಂಗಡಿಯ ಮುಂದೆ ಇಳಿಯುತ್ತಿತ್ತು. ಅದನ್ನು ಗಿರಣಿಗಳಿಗೆ ಮಾರಿಸಿ ದಲಾಲಿ ಹಿಡಿಯುವುದು ಅವರ ಉದ್ಯೋಗ. ಆ ಉದ್ಯೋಗಕ್ಕೆ ನಮ್ಮ ರೊಕ್ಕ ಯಾಕೆ ಬೇಕು ಎಂದು ನಮ್ಮ ಪೈಕಿ ಒಬ್ಬನೂ ಕೇಳಿದವನಲ್ಲ. ಕೇಳಿದರೆ ಸಾಹುಕಾರರಿಗೆ ಅಪಮಾನ ಮಾಡಿದಂತೆ.

ಅಂಗಡಿ ಗಟ್ಟಿ ಇದೆಯೋ ಇಲ್ಲವೋ ಎಂಬುದನ್ನು ನಾವು ದೀಪಾವಳಿಯ ಲಕ್ಷ್ಮೀಪೂಜೆ ನೋಡಿ ಅಳೆಯುತ್ತಿದ್ದೆವು. ಮುಳುಗುವ ಮೊದಲು ಈ ಸಾಹುಕಾರ ಮಾಡಿದ ಪೂಜೆ ಇದೆಯಲ್ಲ, ಬ್ಯಾಂಡೇನು, ದೀಪವೇನು, ಮನೆಮನೆಗೆ ತಾಟು ತುಂಬಿ ಕಳಿಸಿದ ಪೇಢೆಯೇನು, ನೋಡಿದವರ ಕಣ್ಣು ಕುಕ್ಕಿತು. ಆ ಪೇಢೆಗಳನ್ನು ನಮ್ಮದೇ ದುಡ್ಡಿನಲ್ಲಿ ಕೊಂಡದ್ದು ಎಂದು ತಿಳಿದದ್ದು ಸಂಕ್ರಾಂತಿಯ ಹೊತ್ತಿಗೆ, ಹತ್ತಿಯ ದರ ಬಿದ್ದು ಅಂಗಡಿಯ ಬಾಗಿಲು ಹಾಕಿದ ಮೇಲೆ.

ನನ್ನ ಸೋದರತ್ತೆಯ ರೊಕ್ಕ ಪೂರಾ ಅಲ್ಲಿತ್ತು. ಅವಳು ನಮ್ಮಪ್ಪನ ತಂಗಿ. ಮದುವೆಯಾದ ಹೊಸತರಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವಳು. ಲಗ್ನ, ಕುಬಸದಂಥ ಸಮಾರಂಭಗಳಿಗೆ ಅಡುಗೆ ಮಾಡಿ, ಬೇಸಿಗೆಯಲ್ಲಿ ಹಪ್ಪಳ, ಶಾವಿಗೆ ಮಾಡಿಕೊಟ್ಟು ವರ್ಷಗಟ್ಟಲೆ ದುಡ್ಡು ಕೂಡಿಸಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ, ಬೆಟಗೇರಿಯಲ್ಲಿ ಎರಡು ಖೋಲಿಯ ಒಂದು ಮನೆ. ನಮ್ಮ ಬಾಡಿಗೆ ಮನೆಯಲ್ಲಿ ಅವಳ ಹಾಸಿಗೆ ಒಳಕಲ್ಲಿನ ಪಕ್ಕ, ಓಡಾಡುವ ಜಾಗದಲ್ಲಿ. ನೀರು ಕುಡಿಯಲು ಎದ್ದವರೆಲ್ಲ ಅವಳನ್ನು ದಾಟಿಕೊಂಡೇ ಹೋಗಬೇಕು. “ನನ್ನ ಬಾಗಲಾ ನಾ ಹಾಕ್ಕೊಂಡು ಮಲಗಬೇಕೋ. ಯಾರೂ ನನ್ನ ದಾಟಬಾರದು, ಅಷ್ಟ,” ಎಂದು ನನಗೆ ಹೇಳುತ್ತಿದ್ದಳು. ಬೆಟಗೇರಿಯ ನೇಕಾರನೊಬ್ಬ ಮಗನ ಊರಿಗೆ ಹೊರಟಿದ್ದ. ಅವನ ಮನೆಗೆ ಅವಳು ಸಂಚಕಾರದ ಮುಂಗಡ ಕೊಟ್ಟಿದ್ದಳು. ಮಗ ಕಟ್ಟಿಸುತ್ತಿದ್ದ ಮನೆ ಮುಗಿಯುವ ತನಕ, ಅಂದರೆ ಮರುವರ್ಷದ ಯುಗಾದಿಯವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಎಂದು ಅವನು ಸ್ಪಷ್ಟವಾಗಿ ಹೇಳಿದ್ದ.

ನಾನು ಆಗ ಗದಗಿನ ಒಬ್ಬ ವಕೀಲರಲ್ಲಿ ಗುಮಾಸ್ತ. ಧಾರವಾಡಕ್ಕೆ ಹೋಗಿ ಲಾ ಓದುವುದೆಂದು ಮನೆಯಲ್ಲಿ ಮಾತಾಗಿತ್ತು. ಆ ಜೂನಿನಲ್ಲಿ ಅಪ್ಪ “ಈ ವರ್ಷ ಅನುಕೂಲಿಲ್ಲ” ಅಂದರು. ಯಾಕೆ ಅಂತ ಕೇಳಿದರೆ, “ಅನುಕೂಲಿಲ್ಲ ಅಂದ್ರ ಇಲ್ಲ” ಅಂದರು. ಅಪ್ಪ ಪ್ರಾಥಮಿಕ ಶಾಲೆಯ ಮುಖ್ಯ ಮಾಸ್ತರರು. ಊರಲ್ಲಿ ಯಾವ ಅಂಗಡಿ ತೆರೆದರೂ, ಯಾರ ಲಗ್ನವಾದರೂ ನಾಲ್ಕು ಆಶೀರ್ವಾದದ ಮಾತಾಡಲು ಅವರನ್ನು ಕರೆಯುತ್ತಿದ್ದರು. ಅವರ ಆಸ್ತಿಯೆಂದರೆ ಆ ಮಾನವೊಂದೇ, ಅದನ್ನು ದಿನಾ ಇಸ್ತ್ರಿ ಮಾಡಿ ಹಾಕಿಕೊಳ್ಳುತ್ತಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಕೋರ್ಟು ಸಾಹುಕಾರನನ್ನು ದಿವಾಳಿಯೆಂದು ಜಾಹೀರು ಮಾಡಿತು. ಕಾಯದೆ ಕಠಿಣವೇನಿಲ್ಲ. ಕೋರ್ಟು ಒಬ್ಬ ರಿಸೀವರನನ್ನು ನೇಮಿಸುತ್ತದೆ. ಅವನು ದಿವಾಳಿಯ ಆಸ್ತಿಯನ್ನು ಹರಾಜು ಹಾಕಿ, ತಮಗೆ ಬರಬೇಕಾದದ್ದನ್ನು ವಾಯಿದೆಯೊಳಗೆ ಬಂದು ರುಜುವಾತು ಮಾಡಿದವರಿಗೆ ಹಂಚುತ್ತಾನೆ. ಬರದವನಿಗೆ ಏನೂ ಇಲ್ಲ. ಬಂದವರಿಗೆಲ್ಲ ಪೂರ್ತಿ ಕೊಟ್ಟು ಮಿಕ್ಕರೆ ಅದು ದಿವಾಳಿಯಾದವನಿಗೇ ವಾಪಸು. ನಮ್ಮ ವಕೀಲರೇ ರಿಸೀವರ್ ಆದರು. “ಮಿಕ್ಕೂದಿದ್ರ ಅವಾ ದಿವಾಳಿ ಯಾಕ ತಗೀತಿದ್ದ? ಯಾವ ಪುಣ್ಯಾತ್ಮ ಬರದಾನೋ ಇದನ್ನ,” ಎಂದು ನಕ್ಕು, ರೊಕ್ಕ ಬರಬೇಕಾದವರಿಗೆ ಮುಟ್ಟಿಸುವ ನೋಟೀಸುಗಳ ಕಟ್ಟನ್ನು ನನ್ನ ಕೈಗೆ ಕೊಟ್ಟು ಬಸ್ಸಿಗೆ ಹತ್ತಿಸಿದರು. ಸಾಹುಕಾರ ತನಗೆ ಸಾಲ ಕೊಟ್ಟವರ ಪಟ್ಟಿಯನ್ನು ಪ್ರಾಮಾಣಿಕವಾಗಿಯೇ ಬರೆದುಕೊಟ್ಟಿದ್ದ. ಆ ಪಟ್ಟಿ ಹಿಡಿದು ಊರೂರು ತಿರುಗುವುದು ನನ್ನ ಪಾಲಿಗೆ ಬಂತು.

ಮೊದಲು ಲಕ್ಷ್ಮೇಶ್ವರಕ್ಕೆ ಹೋದೆ. ಅಲ್ಲಿಯ ಕಾಳಿನ ವ್ಯಾಪಾರಿ ನೋಟೀಸು ನೋಡಿದ ಕೂಡಲೇ ನನ್ನ ರಟ್ಟೆ ಹಿಡಿದು ಗೋದಾಮಿನೊಳಗೆ ಎಳೆದುಕೊಂಡು ಹೋದರು. “ತಮ್ಮಾ, ಹೊರಗ ಮಂದಿ ಕುಂತಾರ. ಇದಕ್ಕ ನೋಟೀಸು ಅನಬ್ಯಾಡ, ಲಗ್ನಪತ್ರ ಅನ್ನು,” ಅಂದರು. ಆಮೇಲೆ ಹೊರಗೆ ಬಂದು ಎಲ್ಲರಿಗೂ ಕೇಳಿಸುವಂತೆ, “ಲಗ್ನಕ್ಕ ಬರಾಕ ಆಗೂದಿಲ್ಲ ಅಂತ ಹೇಳಪಾ, ನಮ್ಮ ಆಶೀರ್ವಾದ ಐತಿ,” ಅಂದರು. ದಿವಾಳಿ ಕೋರ್ಟಿಗೆ ಆಶೀರ್ವಾದ ಹೊತ್ತುಕೊಂಡು ಬಂದ ಗುಮಾಸ್ತ ಈ ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು.

ಶಿರಹಟ್ಟಿಯಲ್ಲಿ ಗಾಣದ ಎಣ್ಣೆಯ ವ್ಯಾಪಾರಿಯ ಮನೆಗೆ ಹೋದೆ. ಸಾಹುಕಾರನ ಹೆಸರೆತ್ತಿದ ಕೂಡಲೇ ಒಳಗಿನಿಂದ ಹೆಂಗಸೊಬ್ಬಳು ಅಳುವ ಸದ್ದು ಬಂತು. ಆತ ಎದ್ದು ಹೋಗಿ ನಡುವಿನ ಬಾಗಿಲು ಹಾಕಿ ಬಂದು, “ಅಕೀಗಿ ತಲಿಬ್ಯಾನಿ. ನಮಗ ಅವರ ಕಡಿಂದ ಒಂದು ದಮ್ಮಡೀನೂ ಬರೂದಿಲ್ಲ. ಎಲ್ಲಾ ಹ್ವಾದ ವರ್ಷನ ಚುಕ್ತಾ ಆಗೇತಿ,” ಅಂದ. ತಲೆಬೇನೆ ಬಾಗಿಲಾಚೆಯಿಂದಲೂ ಕೇಳುತ್ತಲೇ ಇತ್ತು. ಮುಂಡರಗಿಯ ಜೋಳದ ವ್ಯಾಪಾರಿಯಂತೂ ನನ್ನ ಮೇಲೆಯೇ ಏರಿ ಬಂದ. “ಯಾರು ಹೇಳಿದ್ರು ನಿನಗ, ನಮ್ಮ ರೊಕ್ಕ ಅಲ್ಲಿ ಐತಿ ಅಂತ? ನಮ್ಮ ವೈರಿಗಳು ಹಬ್ಬಿಸ್ಯಾರ. ಹೋಗು, ಊಟಾ ಮಾಡಿಕೊಂಡು ಹೋಗು,” ಅಂದ. ಬೈಗುಳ ಮತ್ತು ಊಟ ಎರಡನ್ನೂ ಪೂರೈಸಿಕೊಂಡು ಬಂದೆ.

ಎಲ್ಲರಿಗಿಂತ ಹೆಚ್ಚಿನ ಶೂರ ಬೆಟಗೇರಿಯ ಸೀರೆ ವ್ಯಾಪಾರಿ. ಅಂಗಡಿಯ ತುಂಬ ಗಿರಾಕಿಗಳಿದ್ದರು. ಆತ ನೋಟೀಸನ್ನು ಓದಿ ಗಹಗಹಿಸಿ ನಕ್ಕು, “ಉಲ್ಟಾ ಬರದಾರಲ್ಲೋ ನಿಮ್ಮ ವಕೀಲ್ರು. ನಾನೇ ಅವರಿಗೆ ಕೊಡಬೇಕು,” ಅಂದ. ಗಿರಾಕಿಗಳು ತಲೆದೂಗಿದರು. ನಾನು ಬಂದು ಇದ್ದದ್ದನ್ನು ಇದ್ದಂತೆ ವರದಿ ಮಾಡಿದೆ. ನಮ್ಮ ವಕೀಲರು ಕನ್ನಡಕ ಮೇಲೆತ್ತಿ, “ಹಂಗಂದನಾ? ನಾಲ್ಕು ಮಂದಿ ಮುಂದ? ಛಲೋ ಆತು,” ಎಂದು ನೋಟೀಸಿನಲ್ಲಿದ್ದ ಮೊತ್ತವನ್ನೇ ವಸೂಲು ಮಾಡುವ ಕಾಗದ ಕಳಿಸಿದರು. ನನಗೆ ಬರಬೇಕಾದದ್ದು, ನಾನು ಕೊಡಬೇಕಾದದ್ದಲ್ಲ ಎಂದು ಆತ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆತ ಹೇಳಲಿಲ್ಲ. ಹಗಲು ಹೊತ್ತಿನಲ್ಲೇ, ಬಜಾರಿನ ನಡುವೆ ಟಾಂಗಾದಲ್ಲಿ ಬಂದು, ಕೊಡಬೇಕಿಲ್ಲದ ಹಣ ಕೊಟ್ಟು ಹೋದ. ಮುಳುಗಿದ ಮೇಲೆ ಮತ್ತೆ ದುಡ್ಡು ಕೊಟ್ಟು ಮುಳುಗಿದವನನ್ನು ನಾನು ನೋಡಿದ್ದು ಅದೇ ಮೊದಲು.

ಬ್ಯಾಂಕಿನವರಿಗೆ ಮಾತ್ರ ಇಂಥ ಮಾನದ ಚಿಂತೆ ಇರಲಿಲ್ಲ. ಅವರು ಮೊದಲೇ ಬಂದು ಹತ್ತಿಯ ಗೋದಾಮಿಗೆ ತಮ್ಮ ಬೀಗ ಜಡಿದು, ಅಂಡಿಗೆಗಳನ್ನು ಮಾರಿ, ತಮ್ಮದನ್ನು ತಾವು ತೆಗೆದುಕೊಂಡು ಹೋದರು. ಹತ್ತಿ ಇಳಿಸುತ್ತಿದ್ದ ಹಮಾಲರೂ ನಾಚಿಕೊಳ್ಳಲಿಲ್ಲ. ಬಾಕಿ ಪಗಾರಕ್ಕೆ ಹೆಬ್ಬೆಟ್ಟು ಒತ್ತಿ ಹೋದರು. ಉಳಿದವಳು ನಮ್ಮ ಅತ್ತೆ.

ಅತ್ತೆ ಕೋರ್ಟಿಗೆ ಹೋಗುತ್ತೇನೆ ಅಂದಾಗ ಮನೆಯಲ್ಲಿ ರಾಮಾಯಣ ಶುರುವಾಯಿತು.

“ಹೆಣ್ಣಮಗಳು ಕೋರ್ಟಿನ ಕಟ್ಟಿ ಹತ್ತಿದ್ರ ಮನೆತನದ ಮಾನ ಏನಾಗಬೇಕು?” ಅಂದರು ಅಪ್ಪ.

“ಮನೆತನದ ಮಾನಕ್ಕ ಎರಡು ಖೋಲಿ ಬರ್ತಾವೇನಣ್ಣಾ?” ಅಂದಳು ಅತ್ತೆ.

“ಸಾಹುಕಾರ್ರು ಸಜ್ಜನ್ರು. ಇವತ್ತಲ್ಲ ನಾಳೆ ಮನೀಗೇ ತಂದು ಕೊಡ್ತಾರ. ಅಂಥವರ ಮ್ಯಾಲೆ ಅರ್ಜಿ ಕೊಟ್ರ ಮಂದಿ ನನಗ ಥೂ ಅಂತಾರ.”

“ಮಂದಿ ನಿನಗ ಥೂ ಅನ್ಲಿ. ನನಗ ನನ್ನ ರೊಕ್ಕಾ ಕೊಡ್ಲಿ.”

ನನಗೆ ಒಳಗೊಳಗೇ ನಗು, ಆದರೆ ಅಪ್ಪನ ಮುಖ ನೋಡಿ ನುಂಗಿಕೊಂಡೆ. ಅಪ್ಪ ಎರಡು ದಿನ ತಂಗಿಯ ಕೈಯ ಅಡುಗೆ ಉಣ್ಣಲಿಲ್ಲ. ಅಡುಗೆ ಮಾಡುವವಳು ಅವಳೊಬ್ಬಳೇ ಆಗಿದ್ದರಿಂದ ಮೂರನೆಯ ದಿನ ತಾವೇ ಬಂದು ತಾಟಿನ ಮುಂದೆ ಕೂತರು. ಆ ದಿನವೇ ಅತ್ತೆ ಹಬ್ಬದ ಸೀರೆ ಉಟ್ಟುಕೊಂಡು ನನ್ನ ಜೊತೆ ಕೋರ್ಟಿಗೆ ಬಂದಳು. ದೇವರ ಮೇಲೆ ಪ್ರಮಾಣ ಮಾಡಿ, ತನ್ನ ರೊಕ್ಕ ಎಷ್ಟು, ಎಂದು ಇಟ್ಟದ್ದು ಎಂಬುದನ್ನು ದೇವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿ, ರೊಕ್ಕ ಮುಟ್ಟಿತೆಂದು ಸಾಹುಕಾರ ಬರೆದುಕೊಟ್ಟಿದ್ದ ಪಾವತಿ ಚೀಟಿಗಳನ್ನು ಮುಂದಿಟ್ಟು ಸಹಿ ಹಾಕಿದಳು.

ಹೊರಗೆ ಪಡಸಾಲೆಯಲ್ಲಿ ಸಾಹುಕಾರ ಕೂತಿದ್ದ. ನುಣ್ಣಗೆ ಗಡ್ಡ ಹೆರೆಸಿ, ಬಿಳಿ ಧೋತರ ಉಟ್ಟು, ಶೇಂಗಾ ಬಿಡಿಸಿ ತಿನ್ನುತ್ತಿದ್ದ. ಊರಲ್ಲಿ ಅವನಷ್ಟು ನಿಶ್ಚಿಂತೆಯಾಗಿದ್ದವರು ಯಾರೂ ಇರಲಿಲ್ಲ.

“ಬರ್ರಿ ಅಕ್ಕಾರ,” ಎಂದು ಅತ್ತೆಗೆ ಜಾಗ ಬಿಟ್ಟುಕೊಟ್ಟ. “ನೀವು ಬಂದದ್ದು ಭಾಳ ಛಲೋ ಆತು. ಊರಾಗ ನನಗ ಬೈದವರು ನೀವೊಬ್ಬರ. ಉಳದವ್ರೆಲ್ಲ ನಮಸ್ಕಾರ ಮಾಡ್ತಾರ್ರಿ, ನನಗ ಅಂಜಿಕಿ ಬರ್ತೈತಿ.” ಆಮೇಲೆ ನನ್ನತ್ತ ತಿರುಗಿ, “ನಿಮ್ಮ ಅಪ್ಪಾರೂ ಬಂದಿದ್ರ ಛಲೋ ಆಗ್ತಿತ್ತು,” ಅಂದ.

“ಅವರು ಯಾಕ ಬರಬೇಕು?” ಅಂದೆ.

“ಅವರದೂ ಐತೆಲ್ಲಪಾ ನನ್ನ ಕಡೆ. ಲಕ್ಷ್ಮೇಶ್ವರದ ಹೊಲಾ ಮಾರಿದ್ರಲ್ಲ, ಆ ರೊಕ್ಕ. ನಿನ್ನ ಓದಿಗಂತನ ಇಟ್ಟಿದ್ರು. ನಾ ಪಟ್ಟಿ ಬರಿಯೂ ಮುಂದ ಮನೀಗೆ ಬಂದು, ನನ್ನ ಹೆಸರು ಹಾಕಬ್ಯಾಡ್ರಿ ಅಂತ ಕೈ ಮುಗದ್ರು. ಅಂಥಾ ಹೊತ್ತಿನ್ಯಾಗ ನಾ ಮತ್ತೇನು ಉಪಕಾರ ಮಾಡ್ಲಿ? ಬಿಟ್ಟೆ.”

ಅವನು ಅದನ್ನು ಹೇಳಿದ ರೀತಿ ನೋಡಬೇಕಿತ್ತು. ಅಪ್ಪನಿಗೆ ದೊಡ್ಡದೊಂದು ದಾನ ಕೊಟ್ಟವನಂತೆ ಕೂತಿದ್ದ. ನನಗೆ ಮೈಯೆಲ್ಲ ಉರಿಯಿತು. ಸಾಹುಕಾರನ ಮೇಲಲ್ಲ. ಅವನು ರೊಕ್ಕ ನುಂಗಿದ, ನುಂಗಿದೆ ಎಂದು ಕೋರ್ಟಿನಲ್ಲಿ ಒಪ್ಪಿಕೊಂಡ. ನಮ್ಮಪ್ಪ ನನ್ನ ಓದನ್ನು ನುಂಗಿಸಿಕೊಂಡು ಬಂದು, ಬಾಯಿ ಒರೆಸಿಕೊಂಡು, ನನಗೆ ಅನುಕೂಲದ ಮಾತು ಹೇಳಿದ್ದರು. ಅತ್ತೆ ಸೆರಗು ಸುತ್ತಿಕೊಂಡು ಎದ್ದು, “ನಡಿ ಮನೀಗೆ,” ಅಂದಳು.

ಅಪ್ಪ ಕಟ್ಟೆಯ ಮೇಲೆ ಮಕ್ಕಳ ಪರೀಕ್ಷೆಯ ಹಾಳೆ ತಿದ್ದುತ್ತಿದ್ದರು. ಅತ್ತೆ ನಿಂತುಕೊಂಡೇ ಹೇಳಿದಳು. “ಅಣ್ಣಾ, ವಾಯಿದೆ ಇನ್ನೂ ಐತಿ. ನಾಳೆ ಬಂದು ಸಹಿ ಹಾಕು. ಈ ಹುಡುಗ ಓದ್ತೈತಿ.”

“ಯಾತರ ಸಹಿ? ನನಗ ಯಾರೂ ಏನೂ ಕೊಡೂದಿಲ್ಲ.” ತಲೆ ಎತ್ತಲಿಲ್ಲ.

“ಅವರ ಬಾಯಿಲೇನ ಕೇಳಿ ಬಂದೀವಿ,” ಎಂದು ನಾನು ಕೂಗಿದೆ. “ಅದು ನನ್ನ ಲಾ ಓದೂ ರೊಕ್ಕ.”

“ಮೆಲ್ಲಕ,” ಅಂದರು ಅಪ್ಪ, ಮೊದಲು ಓಣಿಯತ್ತ ನೋಡಿ, ಆಮೇಲೆ ನನ್ನತ್ತ ನೋಡಿ. “ಗುಮಾಸ್ತನ ಕೆಲಸಕ್ಕ ಏನಾಗೇತಿ? ಮಾನದಿಂದ ಐತೆಲ್ಲ.”

ವಾಯಿದೆ ಮುಗಿಯಿತು. ಅಪ್ಪ ಹೋಗಲಿಲ್ಲ. ನಾನೂ ಧಾರವಾಡಕ್ಕೆ ಹೋಗಲಿಲ್ಲ. ಆಮೇಲಿನ ನನ್ನ ಆಯುಷ್ಯವೆಲ್ಲ ಬೇರೆಯವರ ವಕಾಲತ್ತಿನ ಕಾಗದ ಬೆರಳಚ್ಚು ಮಾಡುವುದರಲ್ಲಿ ಕಳೆಯಿತು. ಇದನ್ನು ಹೇಳುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ, ಬಂದರೆ ಬರಲಿ.

ಇನ್ನು ಹರಾಜು. ಸಾಹುಕಾರನ ಮನೆ ಮತ್ತು ಮಲ್ಲಸಮುದ್ರದ ಕಡೆಗಿದ್ದ ಅವನ ಜಾಗ, ಇವೆರಡನ್ನೂ ಕೂಗಿಗೆ ಇಟ್ಟರು. ಊರೂರಿನ ವ್ಯಾಪಾರಿಗಳೆಲ್ಲ ಬಂದರು. ನಮ್ಮ ಕೈಯಲ್ಲಿ ರೊಕ್ಕ ಆಡುತ್ತಿದೆ ಎಂದು ತೋರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಅವನು ಕೂಗಿದ್ದಕ್ಕೆ ಇವನು ಏರಿಸಿದ, ಇವನು ಏರಿಸಿದ್ದಕ್ಕೆ ಇನ್ನೊಬ್ಬ ಮೀಸೆ ತಿರುವಿದ. ಲಗ್ನಪತ್ರದ ಲಕ್ಷ್ಮೇಶ್ವರದವರು ಹೆಂಡತಿಯ ಬಂಗಾರ ಒತ್ತೆ ಇಟ್ಟು ಆ ಬರಿ ಜಾಗ ಕೊಂಡರೆಂದು ಆಮೇಲೆ ಸುದ್ದಿ ಬಂತು. ಕಲ್ಲು ಬಿದ್ದ ಜಾಗಕ್ಕೆ ಬಜಾರಿನ ದರ ಬಂತು. ನಮ್ಮ ವಕೀಲರು ಕೂಗು ಮುಗಿಸಿ ನೀರು ಕುಡಿದು, “ಇವರಿಗೆ ಯಾವತ್ತೂ ಏನೂ ಬರಬೇಕಾಗಿದ್ದಿಲ್ಲ ನೋಡು, ಬುದ್ಧಿ ಸಹಿತ,” ಅಂದರು.

ರುಜುವಾತು ಮಾಡಿದವರು ನಮ್ಮ ಅತ್ತೆ ಮತ್ತು ಹಮಾಲರು, ಅಷ್ಟೇ. ಹೀಗಾಗಿ ಹಮಾಲರ ಪಗಾರ ಪೂರ್ತಿ ಬಂತು, ಅತ್ತೆಗೆ ಅಸಲು ಪೂರ್ತಿ, ಬಡ್ಡಿಯೂ ಪೂರ್ತಿ ಬಂತು. ದಿವಾಳಿಯಾದವನಿಂದ ರೂಪಾಯಿಗೆ ರೂಪಾಯಿ ಪಡೆದವಳು ಎಂದು ಕೋರ್ಟಿನ ಕಾರಕೂನರು ಅವಳನ್ನು ಎದ್ದು ನೋಡಿದರು. ಯುಗಾದಿಗೆ ಮುಂಚೆ ಬೆಟಗೇರಿಯ ಎರಡು ಖೋಲಿಗಳು ಅವಳ ಹೆಸರಿಗೆ ಆದವು. ಬಜಾರಿನವರು ಅವಳನ್ನು ಗಂಡಬೀರಿ ಎಂದರು, ಕೋರ್ಟು ಹತ್ತಿದವಳು ಎಂದರು. ಅವಳು ತನ್ನ ಬಾಗಿಲ ಚಿಲಕಕ್ಕೆ ಎಣ್ಣೆ ಹಾಕಿಕೊಂಡು ಆರಾಮ ಇದ್ದಳು. ಹೊಸ ಮನೆಯಲ್ಲಿ ಮಲಗಿ ಎದ್ದ ಮುಂಜಾನೆ, “ಯಾರೂ ದಾಟಲಿಲ್ಲೋ,” ಎಂದು ನನಗೆ ಹೇಳಿದಾಗ ಅವಳ ಮುಖ ಕಂಡು ನನಗೆ ಆದಷ್ಟು ಸಂತೋಷ ನನ್ನ ಸ್ವಂತ ಲಗ್ನದಲ್ಲೂ ಆಗಲಿಲ್ಲ.

ಎಲ್ಲರಿಗೂ ಕೊಟ್ಟು ರೊಕ್ಕ ಮಿಕ್ಕಿತು. ಕಾಯದೆ ಹೇಳಿದಂತೆ ಅದು ದಿವಾಳಿಗೇ ವಾಪಸಾಯಿತು. ಎಂಬತ್ತರ ದಶಕದ ಮೊದಲಿಗೆ ಸಾಹುಕಾರ ಅದೇ ರೊಕ್ಕದಲ್ಲಿ, ಹೆಂಡತಿಯ ತಮ್ಮನ ಹೆಸರಿನಲ್ಲಿ, ಮುಂಡರಗಿಯಲ್ಲಿ ಹೊಸ ದಲಾಲಿ ಅಂಗಡಿ ತೆರೆದ. ಪ್ರಾರಂಭಕ್ಕೆ ನಾಲ್ಕೂ ಊರಿನ ವ್ಯಾಪಾರಿಗಳು ಹಾರ ಹಿಡಿದುಕೊಂಡು ಹೋದರು. ಹೋಗದಿದ್ದರೆ, ಇವನಿಗೇನೋ ಬರಬೇಕಿತ್ತು, ಅದಕ್ಕೇ ಸಿಟ್ಟು ಎಂದು ಮಂದಿ ಅಂದುಕೊಂಡಾರಲ್ಲ. ತಮ್ಮ ರೊಕ್ಕದ ಅಂಗಡಿಗೆ ತಾವೇ ಹಾರ ಹಾಕಿ, ತಾವೇ ಚಪ್ಪಾಳೆ ತಟ್ಟಿದರು. ಆಶೀರ್ವಾದದ ಮಾತಾಡಲು ಅಪ್ಪನನ್ನು ಕರೆದಿದ್ದರು. ಪ್ರಾಮಾಣಿಕತೆಯ ಬಗ್ಗೆ ಚೆನ್ನಾಗಿ ಮಾತಾಡಿದರಂತೆ.

ಅಲ್ಲಿಯೇ, ಎಲ್ಲರ ಮುಂದೆ, ಸಾಹುಕಾರ ಕೇಳಿದ. “ಮಾಸ್ತರ, ನಿಮ್ಮ ಕೈಗುಣ ಛಲೋ. ಮೊದಲನೇ ಠೇವು ನಿಮ್ಮದಾಗ್ಲಿ.” ಅಪ್ಪ ಆಗಲಿ ಅಂದುಬಿಟ್ಟರು.

ಮರುದಿನ ಆದಿತ್ಯವಾರ. ನಾನು ಅತ್ತೆಯ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಅಪ್ಪ ಬಂದರು. ಅವಳು ಆ ಮನೆಗೆ ಹೋದ ಮೇಲೆ ಅವರು ಹೊಸ್ತಿಲು ತುಳಿದದ್ದು ಅದೇ ಮೊದಲು. ಅತ್ತೆ ಮಣೆ ಹಾಕಿದಳು, ರೊಟ್ಟಿ, ಝುಣಕದ ವಡಿ ಬಡಿಸಿದಳು, ಎರಡನೆಯ ಸಲವೂ ಕೇಳಿ ಬಡಿಸಿದಳು. ಅಪ್ಪ ಕೈ ತೊಳೆದುಕೊಂಡ ಮೇಲೆ ವಿಷಯ ಹೇಳಿದರು. ಒಂದಿಷ್ಟು ರೊಕ್ಕ ಬೇಕು, ಠೇವು ಇಡುವುದಾಗಿ ಮಾತು ಕೊಟ್ಟಿದ್ದೇನೆ. ಇಡದಿದ್ದರೆ ಅವರು ಏನೆಂದುಕೊಳ್ಳುತ್ತಾರೆ, ಮಂದಿ ಏನೆಂದುಕೊಳ್ಳುತ್ತಾರೆ.

ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಕೈ ಅಡ್ಡ ಹಿಡಿದಳು.

“ಕೊಡ್ತೀನಿ ಅಣ್ಣಾ. ಆದ್ರ ಒಂದು ಮಾತು ಅನಬೇಕು ನೀ. ‘ನಾ ಅಲ್ಲೆ ರೊಕ್ಕಾ ಇಟ್ಟಿದ್ದೆ, ಕಳಕೊಂಡೆ’ ಅನ್ನು. ಬಾಜಾರದಾಗ ಬ್ಯಾಡ, ಕೋರ್ಟಿನ್ಯಾಗೂ ಬ್ಯಾಡ. ಇಲ್ಲೇ, ನನ್ನ ಮುಂದ, ನಿನ್ನ ಮಗನ ಮುಂದ. ಅಂದ್ರ ಸಾಕು, ಟ್ರಂಕು ತಗೀತೀನಿ.”

ಅಪ್ಪ ನನ್ನ ಕಡೆ ನೋಡಿದರು. ಅನ್ನಲಿ ಎಂದು ನಾನು ಎಷ್ಟು ಬೇಡಿಕೊಂಡೆ ಎಂದರೆ, ಅಂದಿದ್ದರೆ ಧಾರವಾಡವನ್ನೂ ಬಿಟ್ಟುಕೊಡುತ್ತಿದ್ದೆ, ಲಾ ಓದನ್ನೂ ಮರೆಯುತ್ತಿದ್ದೆ, ಆ ದುಡ್ಡನ್ನು ಮತ್ತೆ ಮುಳುಗಿಸಿದರೂ ಸುಮ್ಮನಿರುತ್ತಿದ್ದೆ. ಅವರ ತುಟಿ ಅಲ್ಲಾಡಿತು.

“ಏನೇನೋ ಮಾತಾಡ್ತಿ ನೀ,” ಅಂದರು. “ನನಗ ಅವರಿಂದ ಏನೂ ಬರೂದಿದ್ದಿಲ್ಲ.”

ಚಪ್ಪಲಿ ಮೆಟ್ಟಿಕೊಂಡು ಹೋದರು. ಅಪ್ಪ ಉಂಡ ತಾಟನ್ನು ಅತ್ತೆ ಎತ್ತಿಕೊಂಡು ಒಳಗೆ ಹೋದಳು.

ಆ ವಾರವೇ ಅಪ್ಪ ಮಾಸ್ತರರ ಸೊಸಾಯಿಟಿಯಲ್ಲಿ ಸಾಲ ತೆಗೆದು, ಮುಂಡರಗಿಗೆ ಹೋಗಿ ಆ ರೊಕ್ಕ ಇಟ್ಟು ಬಂದರು. ಸಾಹುಕಾರನೇ ನನಗೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕು ಹೇಳಿದ. ಅವನು ಪಾವತಿ ಚೀಟಿ ಬರೆದುಕೊಡಲು ಹೋದರೆ ಅಪ್ಪ ಕೈ ಹಿಡಿದು ತಡೆದು, “ನಮ್ಮ ನಿಮ್ಮೊಳಗ ಅದ್ಯಾತಕ್ಕರಿ,” ಎಂದು ಎದ್ದು ಬಂದರಂತೆ.